ಬಾಯವ್ವನ ಕೂಸು ಅಳಲಿಲ್ಲ

೧. ಕಥೆಯನ್ನು ಇಲಿಯಿಂದ ಶುರು ಮಾಡಲೇ, ಬಾಯವ್ವನಿಂದಲೇ? ಇಲಿಯಿಂದಾದರೆ ನೀವು ನಗುತ್ತೀರಿ. ಬಾಯವ್ವನಿಂದಾದರೆ ಪುಟ ತಿರುವುತ್ತೀರಿ. ಇಲಿಯೇ ಇರಲಿ.

ನೇಸರಗಿ, ೧೯೫೩. ಹತ್ತಿ ತುಂಬಿಡುವ ವಖಾರಿಯ ಮೂಲೆಯಲ್ಲಿ ಇಲಿಯೊಂದು ಮರಿ ಹಾಕಿತ್ತು. ಹೆಂಗಸರು ಹತ್ತಿಯ ಕಸ ಆರಿಸಲು ಕೂತರೆ ತಾಯಿ ಓಡಿಹೋಗುವುದು. ಹಸಿದ ಮರಿಗಳು ಚೀಂಗುಟ್ಟಿದರೆ ಅಷ್ಟು ಜನರ ಕಾಲಡಿಯಲ್ಲೇ ನುಸುಳಿ ಬಂದು ಮೊಲೆ ಕೊಡುವುದು. ಹೊಟ್ಟೆ ತುಂಬಿ ಅವು ಸುಮ್ಮನಾದರೆ ಎದ್ದು ಹೋಗುವುದು. ಕರೆಯುವುದು ಹಸಿವು, ಬರುವುದು ಹಾಲು. (ಈ ವಾಕ್ಯಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.)

"ಏನ್ರಿ ಆಯಿ, ನನ್ನ ಕತಿಯೊಳಗ ಇಲಿಗೆ ಕುಂದ್ರಾಕ ಮೊದಲ ಮಣಿ ಕೊಟ್ಟೀರಲ್ಲ?"

ಬಾಯವ್ವ. ಅದೇ ವಖಾರಿಯಲ್ಲಿ ಹತ್ತಿ ಆರಿಸುವವಳು, ಹಸಿ ಬಾಣಂತಿ. ಆಯಿ ಅಂದರೆ ನಾನು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಇದನ್ನು ಬರೆಯುತ್ತಿರುವ ಮುದುಕಿ. ಡ್ರಾಫ್ಟ್ ರದ್ದು.

೧ (ಮತ್ತೆ). ತೊಲೆಗೆ ಕಟ್ಟಿದ ಜೋಳಿಗೆಯಲ್ಲಿ ಬಾಯವ್ವನ ಕೂಸು. ಅದು ಅತ್ತರೆ ಆಳುಗಳ ಮೇಲುಸ್ತುವಾರಿಯ ಮುಕಾದಮ ನಿಜಗುಣಪ್ಪ ತಾಯಿಯನ್ನು ಕೆಲಸ ಬಿಡಿಸಿ ಕಳಿಸುತ್ತಾನೆ. ಅದಕ್ಕೇ ಅತ್ತೆ ಶಟ್ಟೆವ್ವ ಮುಂಜಾನೆ ಬೆರಳ ತುದಿಗೆ ಅಫೀಮು ಹಚ್ಚಿ ಕೂಸಿಗೆ ನೆಕ್ಕಿಸುತ್ತಾಳೆ. ಓಣಿಯ ಅತ್ತೆಯಂದಿರೆಲ್ಲ ಮಾಡುವುದೇ.

"ಎಷ್ಟ ಶ್ಯಾಣ್ಯಾ ಕೂಸ ಬಾಯವ್ವಾ ನಿಂದು! ಐತೋ ಇಲ್ಲೋ ಗೊತ್ತಾಗಂಗಿಲ್ಲ," ಎಂದಳು ಪಕ್ಕದಲ್ಲಿ ಹತ್ತಿ ಆರಿಸುತ್ತಿದ್ದ ಕರೆವ್ವ. "ನನ್ನ ಗಂಡಗೂ ಒಂದೀಟ ನೆಕ್ಕಸಂತ ಹೇಳ ನಿಮ್ಮತ್ತಿಗೆ."

ಎಲ್ಲರೂ ನಕ್ಕರು. ಬಾಯವ್ವನೂ ನಕ್ಕಳು.

ಮೊದಮೊದಲು ಹಾಲು ತುಂಬಿ ಕುಪ್ಪಸ ತೊಯ್ಯುತ್ತಿತ್ತು. ಹಸಿವೆಯೇ ತಿಳಿಯದ ಕೂಸು ಜಗ್ಗಿ ಕುಡಿಯಲಿಲ್ಲ. ಕರೆಯುವವರಿಲ್ಲದೆ ಹಾಲು ಬತ್ತತೊಡಗಿತು. "ಯಾರದೋ ಕಣ್ಣ ಬಿದ್ದೈತಿ," ಎಂದು ಶಟ್ಟೆವ್ವ ದೃಷ್ಟಿ ತೆಗೆದಳು. ಹಾಲು ಸಾಲದೆ ಕೂಸು ರಗಳೆ ಮಾಡೀತೆಂದು ಅಫೀಮು ತುಸು ಹೆಚ್ಚೇ ನೆಕ್ಕಿಸಿದಳು.

೨. ಮುಕ್ತಾಯ ಎರಡಿವೆ, ಬೇಕಾದ್ದು ಆರಿಸಿಕೊಳ್ಳಿ.

ಅಫೀಮು ಬಿಡಿಸಿದೆ: ಕೂಸು ಅತ್ತಿತು, ಹಾಲು ಮರಳಿತು, ಕೆಲಸ ಹೋಯಿತು, ರೊಟ್ಟಿ ಹೋಯಿತು, ಹಾಲೂ ಹೋಯಿತು.

ಬಿಡಿಸಲಿಲ್ಲ: ರೊಟ್ಟಿ ಉಳಿಯಿತು. (ಮುಂದಿನದನ್ನು ಬರೆದು ಹರಿದು ಹಾಕಿದೆ.)

"ಮೂರನೇದ ಬರೀರಿ," ಎಂದಳು ಬಾಯವ್ವ.

"ನನಗ ತಿಳಿಯವಲ್ದವ್ವಾ."

"ಇಲಿಗೆ ತಿಳೀತು, ನಿಮಗ ತಿಳೀಲಿಲ್ಲ. ಮುದುಕಿ ಆದಮ್ಯಾಲ ರಾತ್ರಿ ಸಾಲಿಗೆ ಯಾಕ ಹೋಗಿದ್ರಿ ಆಯಿ?"

ಎರಡೂ ಮುಕ್ತಾಯ ಹೊಡೆದು ಹಾಕಿದೆ. ಹಾಗಾಗಿ ಮುಗಿಸುವುದೂ ಇಲ್ಲ. ಬಾಯವ್ವ ಜೋಳಿಗೆಯ ಬಳಿ ನಿಂತು ಕೂಸಿನ ಅಂಗಾಲು ಚಿವುಟುತ್ತಿದ್ದಾಳೆ. ಅದು ಮಿಸುಕುತ್ತಿಲ್ಲ. ಓದುಗರೇ, ಇಲ್ಲಿಯವರೆಗೆ ಮನಸ್ಸಿನಲ್ಲೇ ಓದಿದಿರಲ್ಲವೇ?

ಮೊದಲಿನಿಂದ ಗಟ್ಟಿಯಾಗಿ ಓದಿ. ಕೂಸು ಏಳಬೇಕು.