ತಂಗಿಯ ದಿಬ್ಬ

ಘಾನಾಕ್ಕೆ ಸ್ವಾತಂತ್ರ್ಯ ಬಂದು ಐದಾರು ವರ್ಷವಾದರೂ ಆ ಊರಿನ ಹೊಳೆಗೆ ಸೇತುವೆ ಇರಲಿಲ್ಲ. ಹೊಳೆ ದಾಟಿಸುವ ಲಾಂಚಿಗಾಗಿ ದಡದಲ್ಲಿ ಕಾಯುವ ಲಾರಿಯವರಿಗೆ ಮೆಕ್ಕೆಜೋಳದ ಕೆಂಕಿ ಮುದ್ದೆ, ಕರಿದ ಮೀನು ಮಾರಿಯೇ ಡೆಲಾಲಿ ನಾಲ್ಕು ಜನರಲ್ಲಿ ತಲೆಯೆತ್ತಿ ಬದುಕಿದ್ದಳು. ಅವ್ವ ತೀರಿಕೊಂಡಾಗ ಹಿರಿಯಳೆಂದು ದಡದ ಅಂಗಡಿಯನ್ನು ತಾನಿಟ್ಟುಕೊಂಡು, ತಂಗಿ ಎಸಿನಮ್‌ಗೆ ದಿಬ್ಬದ ಮೇಲಿನ ಕಲ್ಲುನೆಲ ಬಿಟ್ಟುಕೊಟ್ಟಿದ್ದಳು. ಆಡು ಕಟ್ಟುವುದಕ್ಕೂ ಲಾಯಕ್ಕಿಲ್ಲದ ಜಾಗ.

ಕೊನೆಗೂ ಸರ್ಕಾರ ಸೇತುವೆ ಕಟ್ಟಿಸಿತು. ಮಂತ್ರಿಗಳು ಬಂದು ಟೇಪು ಕತ್ತರಿಸಿದ ದಿನ ಡೆಲಾಲಿಯೂ ಕುಣಿದಳು. ಡಾಂಬರು ರಸ್ತೆ ದಡ ಬಿಟ್ಟು ತಂಗಿಯ ದಿಬ್ಬದ ಮೇಲೆ ಹಾದುಹೋಗಿದ್ದು ಅವಳಿಗೆ ಗೊತ್ತೇ ಇತ್ತು. ಆದರೆ ತನ್ನ ಕೈರುಚಿ ಕಂಡವರು ಇಳಿದು ಬಂದೇ ಬರುತ್ತಾರೆಂದು ನಂಬಿದ್ದಳು. ಒಬ್ಬರೂ ಬರಲಿಲ್ಲ. ಲಾಂಚು ದಡದಲ್ಲೇ ತುಕ್ಕು ಹಿಡಿಯಿತು.

ಎಸಿನಮ್ ದಿಬ್ಬದ ಮೇಲೆ ತಗಡಿನ ಅಂಗಡಿ ಹಾಕಿದಳು. ಆಮೇಲೆ ರೇಡಿಯೋ ಬಂತು. ಹಬ್ಬಕ್ಕೆಂದು ಅಕ್ಕನಿಗೆ ಹೂವಿನ ಅಚ್ಚಿನ ಬಟ್ಟೆ ಕಳಿಸಿದಳು. ಡೆಲಾಲಿ ಅದರ ಮಡಿಕೆಯನ್ನೂ ಬಿಚ್ಚದೆ ಪೆಟ್ಟಿಗೆಯ ತಳಕ್ಕೆ ತುರುಕಿದಳು.

ಒಂದು ದಿನ ಸಂತೆಯಲ್ಲಿ ಹಳೇ ಗಿರಾಕಿ, ಲಾರಿ ಡ್ರೈವರ್ ಕೋಸಿ ಸಿಕ್ಕಿದ.

"ಏನಮ್ಮಾ, ಸೊರಗಿಬಿಟ್ಟಿದ್ದೀರಿ?"

"ನಂದಿರ್ಲಿ ಬಿಡಪ್ಪ. ನೀನು ದಿಬ್ಬದ ಮೇಲೆ ಊಟ ಮಾಡ್ತೀಯಂತೆ. ಒಡಹುಟ್ಟಿದವಳ ಬಗ್ಗೆ ನಾನು ಹೇಳ್ಬಾರ್ದು. ಆದ್ರೂ ಮಕ್ಕಳೊಂದಿಗ ನೀನು. ನಿನ್ನೆ ಮೀನನ್ನೇ ಮತ್ತೆ ಕರೀತಾಳೆ."

ಮಾತು ಲಾರಿಗಳಿಗಿಂತ ಜೋರಾಗಿ ಓಡಿತು. ದಿಬ್ಬದಲ್ಲಿ ಯಾರೂ ನಿಲ್ಲದಾದರು. ಹಾಗೆಂದು ದಡಕ್ಕೂ ಇಳಿಯಲಿಲ್ಲ; ನೇರ ಮುಂದಿನ ಪಟ್ಟಣಕ್ಕೆ ಹೋಗಿ ಉಂಡರು. ಡೆಲಾಲಿಗೆ ಮೊದಮೊದಲು ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ಸಂಜೆಗಳು ಯಾಕೋ ಸಪ್ಪೆಯೆನಿಸತೊಡಗಿದವು.

ಎಸಿನಮ್ ಒಂದು ಬೆಳಿಗ್ಗೆ ತಾನೇ ದಡಕ್ಕೆ ಬಂದಳು.

"ಅಕ್ಕಾ, ನನ್ನ ಜೊತೆ ಬಂದು ಕೂತ್ಕೋ."

"ನಿನ್ನ ಕೈಕೆಳಗಾ?"

"ನನ್ನ ಪಕ್ಕದಲ್ಲಿ. ನೀನಿದ್ರೆ ಯಾರೂ ಹಳಸಿದ್ದು ಅನ್ನಲ್ಲ."

ಡೆಲಾಲಿ ತಂಗಿಯ ಮುಖ ನೋಡಿದಳು. ಸಂತೆಯ ಮಾತು ಗೊತ್ತಿರುವ ಸುಳಿವೇನೂ ಅಲ್ಲಿ ಕಾಣಲಿಲ್ಲ. ತನ್ನ ಒಲೆ ಆರಿ ಎಷ್ಟೋ ದಿನವಾಗಿತ್ತು. ಬಾಣಲೆ ಎತ್ತಿಕೊಂಡು ತಂಗಿಯ ಹಿಂದೆ ನಡೆದಳು.

ವಾರದೊಳಗೆ ಲಾರಿಗಳು ಮತ್ತೆ ನಿಲ್ಲತೊಡಗಿದವು. ಕೋಸಿಯೂ ಬಂದ. ಬೆಂಚಿನ ಮೇಲೆ ಕೂತು ಇಬ್ಬರನ್ನೂ ನೋಡಿ ಹಲ್ಲು ಕಿರಿದ.

"ಮೀನು ಇವತ್ತಿಂದೇ ತಾನೆ? ಅವತ್ತು ಸಂತೇಲಿ ನೀವೇ..."

ಡೆಲಾಲಿಯ ಕೈಯ ಸೌಟು ನಿಂತಿತು. ಎಸಿನಮ್ ಖಾರ ಅರೆಯುತ್ತಿದ್ದವಳು ತಲೆಯೆತ್ತಲೂ ಇಲ್ಲ.

"ಅದು ಅಕ್ಕ ಬರೋಕೆ ಮುಂಚೆ," ಎಂದಳು. "ಈಗ ಅವಳೇ ಕರೀತಾಳೆ. ಉಣ್ಣಪ್ಪ."

ಹಾಗಾದರೆ ಇವಳಿಗೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿದ್ದೇ ದಡಕ್ಕೆ ಬಂದಿದ್ದಳು. ಡೆಲಾಲಿ ಮೀನು ಮಗುಚಿ ಹಾಕಿದಳು. ರಸ್ತೆ ಇವಳಿಗೆ ಸಿಕ್ಕಿತು, ರೇಡಿಯೋ ಸಿಕ್ಕಿತು. ಇಷ್ಟು ದೊಡ್ಡ ಮನಸ್ಸೂ ಇವಳಿಗೇ ಸಿಗಬೇಕಿತ್ತೇ ಎಂದು ಅವಳಿಗೆ ಹೊಟ್ಟೆ ಉರಿಯಿತು.