ದಬ್ಬಳದ ಪರೀಕ್ಷೆ

"ಲಿವರಿನ ಗಡ್ಡೆಗೆ ಔಷಧಿ ಬಿಟ್ಟರೆ ಅಲ್ಲಿ ನಿಲ್ಲಲ್ಲ ಯಜಮಾನ್ರೆ. ಪಕ್ಕದ ರಕ್ತನಾಳಕ್ಕೆ ಅಡ್ಡದಾರಿ ಆಗಿದೆ, ಅದರಲ್ಲಿ ನುಗ್ಗಿ ಲಿವರಿನ ಒಳ್ಳೆ ಭಾಗಾನೂ ಹಾಳು ಮಾಡುತ್ತೆ. ಮೊದಲು ಆ ದಾರಿ ಮುಚ್ಚಬೇಕು," ಎಂದರು ಡಾಕ್ಟರು.

"ತೂತು ಜೇಬು ಹೊಲೀದೆ ಏನು ತುಂಬಿದ್ರೂ ಸೋರೋದೇ," ಎಂದ ದರ್ಜಿ.

ಆ ಅಡ್ಡದಾರಿಯಿಂದಲೇ ಲಿವರು ಸೋಸದ ರಕ್ತ ತಲೆಗೇರಿ ಅವನಿಗೆ ಆಗಾಗ ಮಂಕು ಕವಿಯುತ್ತಿತ್ತು. ಮಂಕಿದ್ದಾಗ ಚಿಕಿತ್ಸೆ ಬೇಡವೆಂದು ಎರಡು ಸಲ ವಾಪಸು ಕಳಿಸಿದ್ದರು. ಮಂಕಿದೆಯೋ ಎಂದು ತಿಳಿಯಲು ದಿನಾ ಬೆಳಿಗ್ಗೆ ಅವನಿಗೆ ಸೂಜಿ ಕೊಟ್ಟು, ದಾರ ಪೋಣಿಸುತ್ತಾನೋ ಇಲ್ಲವೋ ನೋಡುವ ಕೆಲಸ ಹೆಂಡತಿಯದು.

"ಈ ವಾರ ಹೇಗಿದ್ರಮ್ಮಾ?"

"ಏಳು ದಿನಾನೂ ಪೋಣಿಸಿದ್ರು," ಎಂದಳು ಅವಳು, ಕೈಚೀಲ ನೋಡುತ್ತಾ.

"ಸೂಜಿಗಲ್ಲ, ದಬ್ಬಳಕ್ಕೆ ಡಾಕ್ಟ್ರೆ. ಗೋಣಿ ಹೊಲಿಯೋದು. ಅದರ ಕಣ್ಣಲ್ಲಿ ನಾನೇ ತೂರಬಹುದು," ಎಂದ ದರ್ಜಿ.

"ಮೂರನೇ ಸಲ ವಾಪಸು ಹೋಗೋ ತ್ರಾಣ ನನಗಿಲ್ಲ ರೀ."

"ಮಂಕಲ್ಲೇ ಹೋಗಿ ಮಲಗಿದ್ರೆ ನಾನೇ ವಾಪಸು ಬರಲ್ಲ ಕಣೇ."

ಡಾಕ್ಟರು ಸಣ್ಣ ಸೂಜಿ ಕೇಳಿದರು. ಅದು ಅವನ ಕಾಲರಿನಲ್ಲೇ ಇತ್ತು. ದಾರ ಎರಡು ಸಲ ಬದಿಗೆ ಜಾರಿತು. ತುದಿಯನ್ನು ನಾಲಿಗೆಗೆ ತಾಗಿಸಿ, ಮೂರನೆಯ ಸಲ ಪೋಣಿಸಿದ.

"ಸೋಮವಾರ ಅಡ್ಮಿಟ್ ಆಗಿ. ಅವತ್ತೂ ಇದೇ ಸೂಜಿ ತನ್ನಿ."

"ಇದು ನನ್ನ ಬಿಟ್ಟು ಎಲ್ಲಿಗೆ ಹೋಗುತ್ತೆ, ಬಿಡಿ."

ಹೊರಗಿನ ಬೆಂಚಿನಲ್ಲಿ ಗೋಡೆಗೊರಗಿದ ಹೆಂಡತಿ ಕೂತಲ್ಲೇ ನಿದ್ದೆಹೋದಳು. ಅವಳನ್ನು ಎಬ್ಬಿಸದೆ ಅವನು ಕೈಚೀಲದಿಂದ ದಬ್ಬಳ ತೆಗೆದು ತನ್ನ ಜೇಬಿಗೆ ಹಾಕಿಕೊಂಡ.