ಬೂದನಿಗೆ ಕಲಿಸಿದ್ದು

"ಹೊಡಿಯೇ, ಏನ್ ನೋಡ್ತಾ ನಿಂತಿದೀಯ?" ತಗಡಿನ ಶೆಡ್ಡಿನ ಮರೆಯಿಂದ ಗಂಡ ಜ್ಞಾನೇಶ್ ಕೂಗಿದ.

ಸುಮಂಗಲ ಗಂಡನ ಹಳೆಯ ರೇನ್‌ಕೋಟು ತೊಟ್ಟಿದ್ದಳು. ತಲೆಗೆ ಹೆಲ್ಮೆಟ್ಟು. ಎಡಗೈಗೆ ಗೋಣಿತಟ್ಟು ಸುತ್ತಿ ಸೈಕಲ್ ಟ್ಯೂಬಿನಿಂದ ಬಿಗಿದಿದ್ದರು. ಬಲಗೈಯಲ್ಲಿ ಬೆತ್ತ. ಭದ್ರಾವತಿಯ ಮಾರ್ಚ್ ತಿಂಗಳ ಬಿಸಿಲಿಗೆ ಪ್ಲಾಸ್ಟಿಕ್ಕಿನೊಳಗೆ ಬೆವರು ಹರಿದು ಸೀರೆ ಸೊಂಟಕ್ಕೆ ಅಂಟಿಕೊಂಡಿತ್ತು. ಸುತ್ತ ಗುಡ್ಡೆಗುಡ್ಡೆ ಗುಜರಿ: ತುಕ್ಕು ಹಿಡಿದ ಪೈಪುಗಳು, ಮುರಿದ ಫ್ಯಾನುಗಳು, ಖಾಲಿ ಡ್ರಮ್ಮುಗಳು, ಯಾರದೋ ಮನೆಯ ಕಿಟಕಿ ಸರಳುಗಳು. ನಡುವಿನ ಕಂಬಕ್ಕೆ ಬೂದನನ್ನು ಕಟ್ಟಿದ್ದರು. ಇನ್ನೂ ನಾಯಿಮರಿ. ಆದರೆ ಆಗಲೇ ಎಳೆಗರುವಿನಷ್ಟು ಎತ್ತರ, ಕತ್ತಿನ ಸುತ್ತ ಕಂಬಳಿ ಹೊದ್ದಂಥ ಕೂದಲು. ಹೆಲ್ಮೆಟ್ಟಾಗಲಿ ರೇನ್‌ಕೋಟಾಗಲಿ ಅದರ ಮೂಗಿಗೆ ಅಡ್ಡ ಬಂದಿರಲಿಲ್ಲ. ಅವಳನ್ನು ಕಂಡು ಇಡೀ ಸೊಂಟವನ್ನೇ ಅಲ್ಲಾಡಿಸುತ್ತ ಬಾಲ ಬೀಸುತ್ತಿತ್ತು.

"ನಾನು ಅಂತ ಅದಕ್ಕೆ ಗೊತ್ತಾಗಿದೆ," ಎಂದಳು ಸುಮಂಗಲ.

"ಗೊತ್ತಾಗ್ಲಿ ಬಿಡಿ ಮೇಡಂ, ನಮಗೆ ಬೇಕಾಗಿರೋದೇ ಅದು," ಎಂದ ಗೋವಿಂದಯ್ಯ. ನ್ಯೂ ಟೌನಿನಲ್ಲಿ ನಾಯಿ ಪಳಗಿಸುವವನೆಂದು ಹೆಸರು ಮಾಡಿದ್ದ ಮನುಷ್ಯ, ಬಾಯಲ್ಲಿ ಸದಾ ಎಲೆ ಅಡಿಕೆ. "ಅನ್ನ ಹಾಕಿದ ಕೈಯೇ ಹೊಡೀಬೇಕು. ಆಗ ಈ ಲೋಕದಾಗೆ ಸಾವ್ಕಾರ್ರು ಒಬ್ರೇ ನನ್ನೋರು, ಉಳಿದೋರೆಲ್ಲ ಕಳ್ರು ಅಂತ ಅದರ ತಲೆಗೆ ಹೋಗುತ್ತೆ."

"ಮೆಲ್ಲಗೆ ಹೊಡೆದರೆ ಸಾಕಲ್ಲ?"

"ಮೆಲ್ಲಗೆ ಹೊಡೆದ್ರೆ ಆಟ ಅಂದ್ಕೊಳ್ಳುತ್ತಮ್ಮ."

ಅವನು ಹೇಳಿದಂತೆಯೇ ಆಯಿತು. ಮೊದಲ ಏಟಿಗೆ ಬೂದ ಬೆತ್ತದ ತುದಿಯನ್ನು ಬಾಯಲ್ಲಿ ಹಿಡಿದು ಎಳೆದಾಡತೊಡಗಿತು. ಶೆಡ್ಡಿನೊಳಗಿಂದ ಜ್ಞಾನೇಶ್ ನಕ್ಕದ್ದು ಕೇಳಿಸಿತು. ಆ ನಗೆಗೆ ಅವಳ ಕೈ ಮೇಲೆದ್ದಿತು. ಎರಡನೆಯ ಏಟು ಮೂಗಿನ ಮೇಲೆ ಬಿತ್ತು. ಮರಿ ಕುಂಯ್ ಎಂದದ್ದೇ ತಡ, ಜ್ಞಾನೇಶ್ "ಏಯ್, ಯಾವನೋ ಅದು!" ಎಂದು ಅಬ್ಬರಿಸುತ್ತ ಓಡಿಬಂದು ಅವಳ ಹೆಗಲು ಹಿಡಿದು ದೂಡಿದ. ಮರಿಯನ್ನು ತಬ್ಬಿಕೊಂಡು ಕೋಳಿಯ ತುಂಡೊಂದನ್ನು ಅದರ ಬಾಯಿಗಿಟ್ಟ. ಅವಳು ಕಳ್ಳನ ಹಾಗೆ ಗೇಟಿನಿಂದಾಚೆ ಓಡಬೇಕೆಂದು ಮೊದಲೇ ಹೇಳಿಕೊಟ್ಟಿದ್ದರು. ಓಡಿದಳು.

ರಸ್ತೆಗೆ ಬಂದು ಹೆಲ್ಮೆಟ್ಟು ತೆಗೆದಾಗ ಎದುರಿನ ಟೀ ಅಂಗಡಿಯ ಹೆಂಗಸು, "ಏನಕ್ಕಾ, ಸ್ಕೂಟಿ ಕಲೀತಿದೀರಾ?" ಎಂದಳು.

"ಹೂಂ ಕಣಮ್ಮ," ಎಂದಳು ಸುಮಂಗಲ.

ಹಿಂದಿನ ದೀಪಾವಳಿಯ ಹೊತ್ತಿಗೆ ಆ ಮರಿ ಶಿವಮೊಗ್ಗೆಯ ದುರ್ಗಿಗುಡಿಯ ಮನೆಗೆ ಬಂದಿತ್ತು. ಕಾಕೇಶಿಯನ್ ಶೆಫರ್ಡ್ ಎಂಬ ಜಾತಿ. ಹಿಮದ ಸೀಮೆಯಲ್ಲಿ ತೋಳಗಳಿಂದ ಕುರಿ ಕಾಯುವ ನಾಯಿ, ಜಿಲ್ಲೆಯಲ್ಲೇ ಇನ್ನೊಬ್ಬರ ಬಳಿ ಇಲ್ಲ ಎಂದು ಜ್ಞಾನೇಶ್ ಬೀದಿಗೆಲ್ಲ ಹೇಳಿದ್ದ. ಭದ್ರಾವತಿಯಲ್ಲಿದ್ದ ಅವನ ಗುಜರಿ ಅಂಗಳದಿಂದ ತಾಮ್ರದ ತಂತಿ ಪದೇ ಪದೇ ಕಳುವಾಗುತ್ತಿತ್ತು. ಅದಕ್ಕೆಂದೇ ತಂದ ಕಾವಲು. ಹೆಸರು ಬೋರಿಸ್ ಎಂದಿಟ್ಟ. ಅತ್ತೆ ಕಾಶಮ್ಮ ಆಗಷ್ಟೇ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಬಂದವರು ಮರಿಯ ಬಣ್ಣ ನೋಡಿ, "ಇದೇನೋ ನನಗಿಂತ ಜಾಸ್ತಿ ಬಳ್ಕೊಂಡಿದೆಯಲ್ಲೋ! ಬೂದ ಅನ್ನಿ ಸಾಕು, ಆ ಬೋರೀಸು ಗೀರೀಸು ನನ್ನ ಬಾಯಲ್ಲಿ ಹೊರಳಲ್ಲ," ಎಂದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು. ಈ ಹೊಸಿಲೊಳಗೆ ಮಾಂಸ ಬರಕೂಡದು, ಮೊಟ್ಟೆಯೂ ಕೂಡದು.

ಹೀಗಾಗಿ ತೋಳ ಓಡಿಸುವ ಜಾತಿಯ ಮರಿ ಹಾಲನ್ನ, ರಾಗಿ ಮುದ್ದೆ, ಸೋಮವಾರದ ಪಾಯಸ ತಿಂದು ಬೆಳೆಯಿತು. ಸೆಕೆ ತಡೆಯದೆ ಬಚ್ಚಲ ಕಲ್ಲಿನ ಮೇಲೆ ಹೊಟ್ಟೆ ಚೆಲ್ಲಿ ಮಲಗುತ್ತಿತ್ತು. ಸುಮಂಗಲ ದಿನಕ್ಕೆರಡು ಸಲ ಅದರ ಮೈಗೆ ನೀರೆರೆದು, ಉದುರಿದ ಕೂದಲನ್ನು ಗುಡಿಸಿ ಗುಡಿಸಿ ಚೀಲ ತುಂಬುತ್ತಿದ್ದಳು. ಮಗಳು ಸ್ಪಂದನಾ ಮೈಸೂರಿನ ಹಾಸ್ಟೆಲ್ ಸೇರಿದ ಮೇಲೆ ಆ ಮನೆಯಲ್ಲಿ ಅವಳ ಹಿಂದೆ ಹಿಂದೆ ಸುತ್ತುವ ಜೀವ ಅದೊಂದೇ.

ಅವಳಿಗೆ ತಲೆಸುತ್ತಿನ ಕಾಯಿಲೆಯಿತ್ತು. ಕಿವಿಯೊಳಗಿನ ತೊಂದರೆ ಎಂದಿದ್ದರು ಡಾಕ್ಟರು. ಥಟ್ಟನೆ ತಲೆ ತಿರುಗಿಸಿದರೆ ಮನೆಯೇ ಮಗುಚಿದಂತಾಗಿ ಸಿಕ್ಕಿದ್ದನ್ನು ಹಿಡಿದು ಕುಸಿಯುತ್ತಿದ್ದಳು. "ಬೇಕು ಬೇಕಾದಾಗ ಬರುತ್ತೆ ಇವಳಿಗೆ," ಎಂದು ಜ್ಞಾನೇಶ್ ಬಂದವರೆದುರು ನಗುತ್ತಿದ್ದ. ಒಂದು ದಿನ ಅಡುಗೆಮನೆಯಲ್ಲಿ ಹಾಗೆ ಕುಸಿಯುವಾಗ ಅವಳ ಕೈಗೆ ಸಿಕ್ಕಿದ್ದು ಬೂದನ ಬೆನ್ನು. ಮರಿ ಕದಲಲಿಲ್ಲ. ನಾಲ್ಕು ಕಾಲನ್ನೂ ಊರಿ, ತನ್ನ ಭಾರವನ್ನೆಲ್ಲ ಅವಳ ಮೊಣಕಾಲಿಗೆ ಒತ್ತಿ, ಮನೆ ತಿರುಗುವುದು ನಿಲ್ಲುವ ತನಕ ಹಾಗೇ ನಿಂತಿತು. ಆಮೇಲೆ ಅದೇ ರೂಢಿಯಾಯಿತು. ಅವಳ ಕೈ ಗಾಳಿಯಲ್ಲಿ ಚಾಚಿದ್ದು ಕಂಡರೆ ಸಾಕು, ಎಲ್ಲಿದ್ದರೂ ಎದ್ದು ಬಂದು ಆ ಕೈಯಡಿ ಬೆನ್ನು ಕೊಡುತ್ತಿತ್ತು. ಯಾರೂ ಕಲಿಸಿದ್ದಲ್ಲ. ಸುಮಂಗಲ ಇದನ್ನು ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅದು ತನ್ನದಾಗಿ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಭದ್ರಾವತಿಗೆ ಕರೆದೊಯ್ದ ಮೊದಲ ವಾರವೇ ಬೂದ ಗುಜರಿ ತೂಗಿಸಲು ಬಂದವರ ಕೈ ನೆಕ್ಕಿತು. ಚಿಂದಿ ಆಯುವವರ ಚೀಲ ಮೂಸಿ ಅವರ ಪಕ್ಕದಲ್ಲೇ ಮಲಗಿತು. "ತೋಳ ಓಡಿಸೋ ಜಾತಿಯಂತೆ! ಇವಳ ಕೈಗೆ ಸಿಕ್ಕಿ ಆಕಳಾಗಿ ಕೂತಿದೆ," ಎಂದು ಜ್ಞಾನೇಶ್ ರೇಗಿದ. ಆಗಲೇ ಗೋವಿಂದಯ್ಯ ಬಂದದ್ದು, ಈ ಉಪಾಯ ಹೇಳಿದ್ದು. ಸುಮಂಗಲ ಆಗುವುದಿಲ್ಲ ಎಂದಳು.

"ಆಗಲ್ಲ ಅಂದ್ರೆ ಆಗಲ್ಲ ಅನ್ನು ಮಾರಾಯ್ತಿ, ಬಲವಂತ ಇಲ್ಲ," ಎಂದ ಜ್ಞಾನೇಶ್. "ಕಚ್ಚದಿರೋ ನಾಯಿ ಕಟ್ಕೊಂಡು ನಾನೇನ್ ಮಾಡ್ಲಿ? ಒಂದು ಇಂಜೆಕ್ಷನ್ ಕೊಡ್ಸಿ ಮುಗಿಸ್ತೀನಿ. ನೀನೇ ಯೋಚ್ನೆ ಮಾಡು."

ಅವಳು ಯೋಚಿಸಿದಳು. ಉಳಿಸಿಕೊಳ್ಳುವುದಕ್ಕೆ ಹೊಡೆಯುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಪ್ರತಿ ಸಲ ಬಸ್ಸು ಹತ್ತುವಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದಳು.

ಯುಗಾದಿ ಕಳೆದ ಒಂದು ಬೆಳಿಗ್ಗೆ, ನೆಂಟರೆಲ್ಲ ತಿಂಡಿಗೆ ಕೂತಿದ್ದಾಗ ಅವಳಿಗೆ ತಲೆ ಸುತ್ತಿ ಚಟ್ನಿಯ ಪಾತ್ರೆ ಕೈಜಾರಿತು. ಹಿಡಿಯಲು ಬೂದ ಇರಲಿಲ್ಲ. ಅದೀಗ ಭದ್ರಾವತಿಯಲ್ಲೇ ಇರುತ್ತಿತ್ತು. ಜ್ಞಾನೇಶ್ ಕೂತಲ್ಲಿಂದ ಏಳದೆ, "ಶುರುವಾಯ್ತು ನೋಡಿ ನಾಟಕ. ಟಿಕೆಟ್ ಇಟ್ಟಿದ್ರೆ ಇಷ್ಟೊತ್ತಿಗೆ ಒಂದು ಮನೆ ಕಟ್ಟಿಸ್ಬೋದಿತ್ತು," ಎಂದ. ನೆಂಟರು ನಕ್ಕರು. ಕಾಶಮ್ಮನೂ ಸೆರಗಿನೊಳಗೆ ನಕ್ಕರು. ಸುಮಂಗಲ ನೆಲದ ಮೇಲಿನ ಚಟ್ನಿ ಬಳಿದು, ಕೈ ತೊಳೆದು, ಗಂಡನ ಜೊತೆಗೇ ಭದ್ರಾವತಿಗೆ ಹೊರಟಳು.

ಆ ದಿನ ಅವಳಿಗೆ ಯಾರೂ ಹೊಡಿ ಎನ್ನಬೇಕಾಗಲಿಲ್ಲ. ಬೂದ ಆಗಲೇ ಬಾಲ ಬೀಸುವುದನ್ನು ಬಿಟ್ಟಿತ್ತು, ಕಂಬದ ಹಿಂದೆ ಸರಿದು ಗುರುಗುಟ್ಟುತ್ತಿತ್ತು. ಅವಳು ಹೊಡೆದಳು. ಬೆನ್ನ ಮೇಲೆ, ಪಕ್ಕೆಯ ಮೇಲೆ, ಅವಳ ಕೈಯ ಭಾರವನ್ನು ಹೊತ್ತು ನಿಲ್ಲುತ್ತಿದ್ದ ಆ ಜಾಗದ ಮೇಲೆಯೇ. ಹೆಲ್ಮೆಟ್ಟಿನೊಳಗೆ ಅವಳ ಉಸಿರು ಅವಳಿಗೇ ಕೇಳುತ್ತಿತ್ತು. ತೋಳಿಗೆ ಒಂದು ಲಯ ಸಿಕ್ಕಿಬಿಟ್ಟಿತ್ತು. "ಸಾಕು, ಸಾಕು ಮೇಡಂ," ಎಂದ ಗೋವಿಂದಯ್ಯ. ಜ್ಞಾನೇಶ್ ಓಡಿಬಂದ. ಸಾಕು ಎಂಬುದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಕೇಳಿಸಿದ ಮೇಲೂ ಇನ್ನೊಂದು ಹೊಡೆದಳು. ಆ ಏಟು ಯಾರಿಗೆಂದು ಅವಳಿಗೆ ಗೊತ್ತಿತ್ತು. ಬಿದ್ದದ್ದು ಬೂದನ ಮೇಲೆ.

ಶಿವಮೊಗ್ಗೆಗೆ ಮರಳುವ ಬಸ್ಸಿನಲ್ಲಿ ಅವಳ ಮೈ ಜ್ವರ ಬಿಟ್ಟಂತೆ ಹಗುರಾಗಿತ್ತು. ಆ ಮಧ್ಯಾಹ್ನ ತಲೆ ಸುತ್ತಲಿಲ್ಲ. ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು. ಎದ್ದಾಗ ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಹೆದರಿಸಿದ್ದು ಆ ನಿದ್ದೆಯೇ. ಆದರೂ ಮುಂದಿನ ವಾರ, ಗೋವಿಂದಯ್ಯ ಫೋನು ಮಾಡುವ ಮೊದಲೇ, ರೇನ್‌ಕೋಟನ್ನು ಮಡಚಿ ಚೀಲಕ್ಕೆ ಹಾಕಿಟ್ಟಿದ್ದಳು.

ಮೇ ತಿಂಗಳಿಗೆ ಬೂದ ತಯಾರಾಗಿದೆ ಎಂದರು. ಅಂಗಳಕ್ಕೆ ಬಂದ ಸ್ನೇಹಿತರೆದುರು ಜ್ಞಾನೇಶ್ ಹೆಂಡತಿಯನ್ನು ಕರೆದು, "ಒಂದು ಹೆಜ್ಜೆ ಮುಂದೆ ಬಾ," ಎಂದ. ಅವಳು ಬಂದಳು. ಬೂದ ಹಲ್ಲು ಕಿರಿದು ಗುರುಗುಟ್ಟಿತು. "ನೋಡಿ, ಸಾಕಿದೋಳನ್ನೇ ಬಿಡಲ್ಲ! ಇದು ಟ್ರೇನಿಂಗು ಅಂದ್ರೆ," ಎಂದು ಜ್ಞಾನೇಶ್ ಅದರ ಕತ್ತು ಸವರಿದ. ಸ್ನೇಹಿತರು ಹಿಂದೆ ಸರಿದು ಮೆಚ್ಚಿದರು. ಎಲ್ಲರೂ ಅದರ ಹಲ್ಲನ್ನು ನೋಡುತ್ತಿದ್ದರು. ಅದರ ಬಾಲ ಹೊಟ್ಟೆಗೆ ಅಂಟಿಕೊಂಡಿತ್ತು, ಹಿಂಗಾಲು ನಡುಗುತ್ತಿತ್ತು. ಅದನ್ನು ನೋಡಿದವಳು ಸುಮಂಗಲ ಒಬ್ಬಳೇ.

ಜೂನಿನ ಮೊದಲ ಮಳೆಗೆ ಕಳ್ಳರು ಬಂದರು. ಬೆಳಿಗ್ಗೆ ಕ್ಯಾಮೆರಾದಲ್ಲಿ ಎಲ್ಲ ಕಂಡಿತು. ಇಬ್ಬರು ಗೋಡೆ ಹಾರಿ ಬಂದಿದ್ದರು. ಮಳೆಗಾಲವಾದ್ದರಿಂದ ರೇನ್‌ಕೋಟು, ಮುಖ ಕಾಣದಿರಲೆಂದು ಹೆಲ್ಮೆಟ್ಟು. ಬೂದನನ್ನು ರಾತ್ರಿ ಬಿಚ್ಚಿಬಿಟ್ಟಿದ್ದರು. ಒಬ್ಬ ಸುಮ್ಮನೆ ಕೈ ಎತ್ತಿದ, ಕೈಯಲ್ಲಿ ಏನೂ ಇರಲಿಲ್ಲ. ಕರುವಿನಂಥ ಆ ಪ್ರಾಣಿ ನೆಲಕ್ಕೆ ಹೊಟ್ಟೆ ತಾಗಿಸಿ ತೆವಳುತ್ತ ಹೋಗಿ, ಅಡ್ಡ ಬಿದ್ದಿದ್ದ ಖಾಲಿ ಡ್ರಮ್ಮಿನೊಳಗೆ ನುಗ್ಗಿತು. ತಾಮ್ರವೆಲ್ಲ ಹೋಯಿತು. ಜ್ಞಾನೇಶ್ ಡ್ರಮ್ಮಿನಿಂದ ಅದನ್ನು ಎಳೆದಾಗ ತನ್ನ ಉಚ್ಚೆಯಲ್ಲೇ ತೊಯ್ದು ಕೂತಿತ್ತು.

"ಹೊಡಿ ಅಂದಿದ್ದೆ ಕಣೆ. ಹಿಂಗೆ ಹೊಡಿ ಅಂದಿದ್ನಾ?" ಎಂದು ಕೂಗಾಡಿದ. ಗೋವಿಂದಯ್ಯನೂ, "ಮೇಡಮ್ಮೋರದು ಸ್ವಲ್ಪ ಕೈ ಜಾಸ್ತಿಯಾಯ್ತು ಸಾವ್ಕಾರ್ರೇ, ನಾನು ಅವತ್ತೇ ಸಾಕು ಅಂದೆ," ಎಂದ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

ಜಿಲ್ಲೆಗೆಲ್ಲ ಹೇಳಿಕೊಂಡು ತಿರುಗಿದ ನಾಯಿ ಹೇಡಿಯೆಂದು ಗೊತ್ತಾಗುವುದು ಜ್ಞಾನೇಶನಿಗೆ ತಾಮ್ರ ಹೋದದ್ದಕ್ಕಿಂತ ದೊಡ್ಡ ಸಂಕಟವಾಗಿತ್ತು. ಮಾರಲು ಹೋದರೆ ಮಾತು ಹೊರಬೀಳುತ್ತದೆ. ಭಾನುವಾರದ ಹೊತ್ತಿಗೆ ಅವನೇ ದಾರಿ ಕಂಡುಕೊಂಡಿದ್ದ. ಕಳ್ಳರು ಮತ್ತಿನ ಮದ್ದು ಹಾಕಿ ನಾಯಿಯನ್ನೂ ಹೊತ್ತೊಯ್ದರು ಎಂದರಾಯಿತು. ಅಂಥ ಜಾತಿಯ ನಾಯಿಯನ್ನು ಯಾರು ತಾನೇ ಬಿಡುತ್ತಾರೆ?

"ನೀನೂ ಬಾ. ನೀನಿಲ್ದೆ ಕೆಲಸ ಆಗಲ್ಲ," ಎಂದ.

ಲಗೇಜ್ ಗಾಡಿಯ ಹಿಂದೆ ಟಾರ್ಪಾಲಿನಡಿ ಬೂದ. ಸಾಗರದ ರಸ್ತೆಯಲ್ಲಿ ಆಯನೂರು ದಾಟಿ, ಅಕೇಶಿಯಾ ನೆಡುತೋಪಿನ ಮಣ್ಣು ಹಾದಿಗೆ ಜ್ಞಾನೇಶ್ ಗಾಡಿ ತಿರುಗಿಸಿದ. ಮಳೆ ನಿಂತು ಹೊಳವಾಗಿತ್ತು. ಬೂದನನ್ನು ಇಳಿಸಿ, ಕತ್ತಿನ ಪಟ್ಟಿ ಬಿಚ್ಚಿ, ಕೋಳಿಯ ತುಂಡೊಂದನ್ನು ದೂರಕ್ಕೆ ಎಸೆದ. ಅದು ತುಂಡಿನ ಕಡೆ ನೋಡಲೂ ಇಲ್ಲ, ಅವನ ಹಿಂದೆಯೇ ಓಡಿಬಂದು ಗಾಡಿಯ ಬಾಗಿಲು ಕೆರೆಯಿತು.

"ನೋಡಿದ್ಯಾ? ನನ್ನ ಬಿಟ್ಟು ಹೋಗಲ್ಲ ಇದು. ನಿನ್ನ ಕಂಡ್ರೆ ಓಡುತ್ತೆ. ಇಳಿ, ನಾಲ್ಕು ಬಾರಿಸಿ ಓಡ್ಸಿ ಬಂದ್ಬಿಡು." ಬೆತ್ತವನ್ನು ಅವಳ ಮಡಿಲಿಗೆ ಹಾಕಿದ.

ಸುಮಂಗಲ ಇಳಿದಳು. ರೇನ್‌ಕೋಟು ಇರಲಿಲ್ಲ, ಹೆಲ್ಮೆಟ್ಟು ಇರಲಿಲ್ಲ. ಮನೆಯಲ್ಲಿ ಉಡುವ ಹತ್ತಿಯ ಸೀರೆ. ಬೂದ ಹಿಂದೆ ಹಿಂದೆ ಸರಿದು ಮರಗಳ ಅಂಚಿನಲ್ಲಿ ನಿಂತಿತು. ಪಕ್ಕೆಯ ಮೇಲೆ ಕೂದಲು ಹುಟ್ಟದ ಪಟ್ಟೆಗಳು ಇಲ್ಲಿಂದಲೂ ಕಾಣುತ್ತಿದ್ದವು. ಅವಳು ಬೆತ್ತವನ್ನು ಬೆನ್ನ ಹಿಂದೆ ಮೆಲ್ಲನೆ ನೆಲಕ್ಕೆ ಜಾರಿಸಿದಳು.

"ಬೂದಾ," ಎಂದಳು.

ಕಿವಿ ನೆಟ್ಟಗಾಯಿತು. ಆ ಹೆಸರನ್ನು ಅದು ಕೇಳಿ ತಿಂಗಳುಗಳಾಗಿದ್ದವು. ಮೂಗು ಗಾಳಿಯಲ್ಲಿ ಆಡಿತು. ಒಂದು ಕಾಲು ಮುಂದಿಟ್ಟಿತು, ನಿಂತಿತು, ಇನ್ನೊಂದನ್ನೂ ಇಟ್ಟಿತು. ಬಂದರೆ ಇನ್ನು ಆ ಗಾಡಿ ಹತ್ತುವುದಿಲ್ಲ ಎಂದುಕೊಂಡಳು ಸುಮಂಗಲ. ಸೆರಗನ್ನೇ ಹಗ್ಗ ಮಾಡಿ ಆಯನೂರಿನ ತನಕ ನಡೆಸಿಕೊಂಡು ಹೋಗುತ್ತೇನೆ. ಆಮೇಲೆ ಏನಾದರೂ ಆಗಲಿ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅವಳ ಮನಸ್ಸು ಏನನ್ನೋ ತೀರ್ಮಾನಿಸಿ ಗಟ್ಟಿಯಾಗಿ ನಿಂತಿತ್ತು. "ಬಾ ಪುಟ್ಟಾ, ಬಾ."

ಬೂದ ಬರುತ್ತಿತ್ತು. ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆ.

ಹಿಂದಿನಿಂದ ಹಾರ್ನು ಬಡಿಯಿತು.

ಸುಮಂಗಲ ಥಟ್ಟನೆ ತಲೆ ತಿರುಗಿಸಿದಳು. ಮರಗಳು, ಗಾಡಿ, ಆಕಾಶ ಎಲ್ಲ ಒಂದೇ ಕಡೆಗೆ ವಾಲಿದವು. ಅವಳ ಕೈ ತಾನಾಗಿಯೇ ಪಕ್ಕಕ್ಕೆ ಚಾಚಿತು, ಎಂದಿನ ಎತ್ತರದಲ್ಲಿ, ಎಂದಿನ ಬೆನ್ನಿಗಾಗಿ. ಬೆನ್ನು ಸಿಗಲಿಲ್ಲ. ಮೊಣಕಾಲು ಮಡಚಿ, ದೇಹ ಬಾಗಿ, ಆ ಕೈ ನೆಲಕ್ಕೆ ಊರಿತು.

ಯಾವ ಬೀದಿನಾಯಿಗೂ ಗೊತ್ತು, ಮನುಷ್ಯರು ಹಾಗೆ ಬಗ್ಗಿ ನೆಲಕ್ಕೆ ಕೈ ಹಾಕುವುದು ಯಾತಕ್ಕೆಂದು. ಬೂದ ಒಂದು ಕ್ಷಣವೂ ಕಾಯಲಿಲ್ಲ. ತಿರುಗಿ ಓಡಿತು. ಅಕೇಶಿಯಾದ ಬೂದು ಕಾಂಡಗಳ ನಡುವೆ ಅದರ ಬೂದು ಮೈ ಎರಡು ಸಲ ಕಂಡು, ಆಮೇಲೆ ಯಾವುದು ಮರ, ಯಾವುದು ನಾಯಿ ಎಂದು ತಿಳಿಯದಾಯಿತು.

"ಭೇಷ್ ಕಣೆ!" ಗಾಡಿಯಿಂದ ಜ್ಞಾನೇಶ್ ಕೂಗಿದ. "ಕಲ್ಲು ಎಸೆಯೋದೂ ಬೇಕಾಗ್ಲಿಲ್ಲ, ಬಗ್ಗಿದ್ದೇ ಸಾಕಾಯ್ತು. ಬಾ ಬಾ, ಮಳೆ ಬರೋ ಹಂಗಿದೆ."

ಅವಳಿಗೆ ಏಳಲಾಗಲಿಲ್ಲ. ನೆಲ ಇನ್ನೂ ತಿರುಗುತ್ತಿತ್ತು. ಅಂಗೈಯನ್ನು ಒದ್ದೆ ಮಣ್ಣಿಗೆ ಒತ್ತಿ ಹಿಡಿದು ಹಾಗೇ ಕೂತಿದ್ದಳು. ಅಂಗೈಯಡಿ ಕಲ್ಲು ಇರಲಿಲ್ಲ. ತುಸು ದೂರದಲ್ಲಿ, ಯಾರೂ ಮುಟ್ಟದ ಕೋಳಿಯ ತುಂಡಿಗೆ ಕೆಂಪಿರುವೆ ಹತ್ತತೊಡಗಿದ್ದವು. ಹಾರ್ನು ಇನ್ನೊಮ್ಮೆ ಕೇಳಿಸಿತು.